ಏರಿಯ ಮೇಲಿನ ಚುಕ್ಕೆ

ಕೊರಟಗೆರೆ
ತಾ. ೧೭ನೇ ಫೆಬ್ರವರಿ ೧೯೩೮, ಗುರುವಾರ

ಪ್ರೀತಿಯ ತಮ್ಮ ಓಬಳೇಶನಿಗೆ ನಿನ್ನ ಅಕ್ಕ ಗಂಗರತ್ನಮ್ಮ ಮನಸಾರೆ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಈಗ ಹೇಗಿದೆ? ದೀಪಾವಳಿಯಲ್ಲಿ ಬರೆದ ಕಾಗದದಲ್ಲಿ ಕಡಿಮೆ ಅಂತ ಬರೆದಿದ್ದೆ. ನೀನು ಕಡಿಮೆ ಅಂದರೆ ಎಷ್ಟು ಕಡಿಮೆ ಅಂತ ನನಗೆ ಗೊತ್ತು. ಆ ಅಚ್ಚಿನ ಮನೆಯಲ್ಲಿ ದಿನವೆಲ್ಲ ಕಲ್ಲು ಉಜ್ಜಿ ಅದರ ಮೇಲೆ ಆಸಿಡ್ ಸುರಿಯುತ್ತೀರಂತಲ್ಲ, ಬಾಗಿಲು ತೆಗೆದಿಟ್ಟುಕೊಂಡು ಮಾಡು. ಬೊಂಬಾಯಿಯಲ್ಲಿ ಮೆಣಸು ಸಿಕ್ಕದೆ ಇರುವುದಿಲ್ಲ, ರಾತ್ರಿ ಒಂದು ಲೋಟ ಕಷಾಯ ಮಾಡಿಕೊಂಡು ಕುಡಿ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವನವರಿಗೆ ಮಂಡಿನೋವು ಹಾಗೇ ಇದೆ, ಆದರೂ ತಾಲ್ಲೂಕು ಕಚೇರಿಯ ಜವಾನ್ ಕೆಲಸಕ್ಕೆ ಒಂದು ದಿನ ತಪ್ಪಿಸಿಕೊಂಡವರಲ್ಲ. ಹಿತ್ತಲಲ್ಲಿ ಅವರೆ ಮುಗಿಯಿತು. ಈ ಕಾಗದ ಬರೆಯಲು ಮೂರು ದಿನದಿಂದ ಕೂತು ಏಳುತ್ತಿದ್ದೇನೆ. ನಿನ್ನ ಒಂದನೇ ಪುಸ್ತಕ ನೋಡಿಕೊಂಡೇ ನಾನೂ ಅಕ್ಷರ ಕಲಿತವಳು, ತಪ್ಪು ಇದ್ದರೆ ತಿದ್ದಿಕೊಂಡು ಓದು. ಆದರೆ ಈ ಸಲ ತಡವಾದದ್ದು ಅಕ್ಷರದಿಂದಲ್ಲ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹೇಳಬಾರದು ಅನ್ನುವುದೇ ನನಗೆ ಹೊಳೆಯುತ್ತಿಲ್ಲ.

ನೀನು ಕಳಿಸಿದ ಪಟಗಳ ಸುರುಳಿ ಸಂಕ್ರಾಂತಿಯ ಮಾರನೇ ದಿನ ಬಂತು. ಬಿಚ್ಚಿ ನೋಡಿದರೆ ಆರು ಪಟ, ಜೊತೆಗೆ ‘ಅಕ್ಕನಿಗೆ’ ಅನ್ನುವ ಒಂದು ಚೀಟಿ, ಅಷ್ಟೆ. ಎರಡು ಸಾಲು ಬರೆದಿದ್ದರೆ ನಿನ್ನ ಕೈ ಸವೆಯುತ್ತಿತ್ತೇ? ಪಕ್ಕದ ಮನೆ ನಂದೀಶ್ವರಯ್ಯನವರ ಹೆಂಡತಿ ಕಮಲಾಕ್ಷಮ್ಮನವರು ಶಿವರಾತ್ರಿ ಹತ್ತಿರ ಬಂತು, ನಿಮ್ಮ ತಮ್ಮ ಅಚ್ಚು ಹಾಕಿದ ಈಶ್ವರನ ಪಟ ಬಂದರೆ ನಮಗೊಂದು ಕೊಡಿ ಅಂತ ಮೊದಲೇ ಹೇಳಿಟ್ಟಿದ್ದರು. ಸುರುಳಿ ಬಿಚ್ಚುವಾಗ ಅವರೂ ಬಂದು ಕೂತಿದ್ದರು. ಒಂದೊಂದೇ ತೆಗೆದು ಚಾಪೆಯ ಮೇಲೆ ಹರಡಿದೆ. ಈಶ್ವರನೂ ಇಲ್ಲ, ಲಕ್ಷ್ಮಿಯೂ ಇಲ್ಲ. ಬರೀ ನೀರು, ಮೋಡ, ಮಂಜು. ನಿನ್ನ ಭಾವ ಬಹಳ ಹೊತ್ತು ನೋಡಿ, ದೇವರು ಆಮೇಲೆ ಬರುತ್ತಾನೇನೋ, ಮೊದಲು ಜಾಗ ಮಾಡಿಟ್ಟಿದ್ದಾನೆ ಅಂದರು. ಕಮಲಾಕ್ಷಮ್ಮನವರು ನಾನು ನೊಂದುಕೊಳ್ಳಬಾರದು ಅಂತ ಬಣ್ಣ ತಂಪಾಗಿದೆ ಕಣ್ರೀ ಅಂತ ಹೇಳಿ ಎದ್ದು ಹೋದರು.

ನನಗೂ ಮೊದಲು ತಲೆಬುಡ ತಿಳಿಯಲಿಲ್ಲ ಅಂತ ಹೇಳುವುದಕ್ಕೆ ನಾಚಿಕೆಯಿಲ್ಲ. ಆಮೇಲೆ ನೋಡುತ್ತಾ ನೋಡುತ್ತಾ ಒಂದೊಂದೇ ಗುರುತು ಸಿಕ್ಕಿತು. ಮರಳಿನ ನಡುವೆ ದಾರದಷ್ಟು ನೀರು ಹರಿಯುತ್ತಿರುವುದು ನಮ್ಮ ಜಯಮಂಗಲಿ, ಬೇಸಗೆಯದು. ಅರ್ಧ ಬೆಟ್ಟ ಕಾಣುತ್ತಾ ಅರ್ಧ ಮಳೆಯಲ್ಲಿ ಕರಗಿ ಹೋಗಿರುವುದು ಚನ್ನರಾಯನದುರ್ಗ. ಕೋಟೆಯ ಮೇಲಿನ ದೊಣೆಯ ನೀರಿನಲ್ಲಿ ಆಕಾಶ ಬಿದ್ದಿರುವುದೂ ಗೊತ್ತಾಯಿತು. ಇನ್ನೊಂದು ಮಾತ್ರ ಇಡೀ ಬೂದಿ ಬಣ್ಣ. ಅದನ್ನು ನಿನ್ನ ಭಾವ ಗೋಡೆಗೆ ಮೊಳೆ ಹೊಡೆದು ತಗುಲಿ ಹಾಕಿದರು. ನಾಲ್ಕು ದಿನ ಆದ ಮೇಲೆ ಟಪಾಲಿನವನು ಬಂದು, ಅಮ್ಮಾ ನಿಮ್ಮ ತಮ್ಮನ ಹೆಸರು ತಲೆಕೆಳಗಾಗಿದೆಯಲ್ಲ ಅಂದ. ತಿರುಗಿಸಿ ಹಾಕಿದೆವು. ನೀರು ಮೇಲಕ್ಕೂ ಮೋಡ ಕೆಳಕ್ಕೂ ಇದ್ದದ್ದು ಈಗ ಸರಿಹೋಗಿದೆ ಅಂದುಕೊಂಡಿದ್ದೇವೆ. ನಗಬೇಡ. ಹೊಲದ ಮೇಲೆ ಮಳೆ ಪರದೆಯ ಹಾಗೆ ಬರುತ್ತಿರುವ ಪಟ ನನಗೆ ಬಹಳ ಹಿಡಿಸಿತು, ಅದನ್ನು ಒಳಕೋಣೆಯಲ್ಲಿ ಹಾಸಿಗೆಯ ಎದುರಿಗೆ ಇಟ್ಟುಕೊಂಡಿದ್ದೇನೆ.

ಆರನೆಯದನ್ನು ಮಾತ್ರ ಎದ್ದು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಅದು ನಮ್ಮೂರು ತೋವಿನಕೆರೆಯ ಕೆರೆ, ಬೆಳಗಿನ ಜಾವ. ತೂಬಿನ ಕಡೆಯಿಂದಲ್ಲ, ಹೊಂಗೆ ಮರದ ಕೆಳಗೆ ನಿಂತರೆ ಹೇಗೆ ಕಾಣುತ್ತದೋ ಹಾಗೆ. ನೀರೆಲ್ಲಿ ಮುಗಿಯಿತು, ಮಂಜೆಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಏರಿ ಅಷ್ಟು ದೂರ ಹೋಗಿ ಬಿಳುಪಿನಲ್ಲಿ ಮಾಯವಾಗುತ್ತದೆ. ಅದು ಮಾಯವಾಗುವ ಕಡೆ ಒಂದು ಕೆಂಪು ಚುಕ್ಕೆ. ಉಗುರಿನ ಅರ್ಧದಷ್ಟೂ ಇಲ್ಲ. ನಿನ್ನ ಭಾವ ಅದು ಬಣ್ಣ ಸಿಡಿದಿರುವುದು ಅಂದರು. ಕಲ್ಲಚ್ಚಿನಲ್ಲಿ ಹಾಗೆ ಸಿಡಿಯುತ್ತದೋ ಇಲ್ಲವೋ ನನಗೆ ತಿಳಿಯದು. ಅವ್ವ ಹೋದ ದಿನ ಉಟ್ಟಿದ್ದು ಕೆಂಪು ಸೀರೆ. ಆಗ ನಿನಗೆ ನಾಲ್ಕು ವರ್ಷ. ಇದನ್ನು ಬರೆಯುವಾಗ ನಿನಗೆ ಏನು ನೆನಪಿತ್ತು, ಎಷ್ಟು ನೆನಪಿತ್ತು ಅಂತ ಯೋಚಿಸಿ ಯೋಚಿಸಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಆ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ ಅಂತಲೇ ಹೇಳಬೇಕು. ಕಟ್ಟು ಹಾಕಿಸಿಕೊಂಡು ಬನ್ನಿ ಅನ್ನುವ ನೆಪ ಮಾಡಿ ನಿನ್ನ ಭಾವನವರ ಕೈಗೆ ಕೊಟ್ಟೆ. ಅವರು ಮಧುಗಿರಿಗೆ ಕಚೇರಿಯ ಟಪಾಲು ಒಯ್ಯುವಾಗ ಬುಡನ್ ಸಾಬರ ಅಂಗಡಿಯಲ್ಲಿ ಕೊಟ್ಟು ಬಂದರು. ಬುಡನ್ ಸಾಬರು ಸಿರಾದ ಕಡೆಯವರು, ಪಟಗಳಿಗೆ ಗಾಜು, ಕಟ್ಟು ಹಾಕುವುದರಲ್ಲಿ ಎತ್ತಿದ ಕೈ. ಕಟ್ಟು ಹಾಕಿ ಮುಗಿಸಿ ಅದನ್ನು ಅಂಗಡಿಯ ಮುಂದೆ ತೂಗು ಹಾಕಿದ್ದರಂತೆ. ನಿನ್ನ ಭಾವ ಕೇಳಿದ್ದಕ್ಕೆ, ಇನ್ನೊಂದು ವಾರ ಇರಲಿ ಬುಡಿ, ಜನ ಇದರಾಗೆ ಏನೂ ಇಲ್ಲ ಅಂತಾರೆ, ನನಗೆ ಇದನ್ನ ನೋಡಿದ್ರೆ ಮೂಗಿಗೆ ನೀರಿನ ವಾಸ್ನೆ ಬರ್ತೈತೆ ಅಂದರಂತೆ. ನಿನ್ನನ್ನು ಮೆಚ್ಚಿಕೊಂಡವರು ಒಬ್ಬರಾದರೂ ಇದ್ದಾರೆ ಅಂತ ನನಗೆ ಸಂತೋಷವಾಯಿತು. ಹೋದ ಶುಕ್ರವಾರದವರೆಗೆ ನಡೆದದ್ದು ಇಷ್ಟು.

ಶುಕ್ರವಾರ ಮಧ್ಯಾಹ್ನ ನಾನು ರಾಗಿ ಕೇರುತ್ತಿದ್ದೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕಂಕುಳಲ್ಲಿ ಕಂಬಳಿ ಸುತ್ತಿದ ಒಂದು ಗಂಟು. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬಾ ಬಳೆ. ಮಧುಗಿರಿ ಸಾಬರು ಕೊಟ್ಟು ಕಳಿಸಿದರು ಅಂತ ಹೇಳಿ ಒಳಗೆ ಬಂದು ಕೂತು ಕಂಬಳಿ ಬಿಚ್ಚಿದಳು. ನಿನ್ನ ಪಟ. ಕನ್ನಡವೇ ಆಡಿದರೂ ನಡುನಡುವೆ ತೆಲುಗು ಬರುತ್ತಿತ್ತು, ಪಾವಗಡದ ಕಡೆಯವಳು ಅಂದುಕೊಂಡೆ. ನೀರು ಬೆಲ್ಲ ಕೊಟ್ಟೆ. ಕುಡಿಯಲಿಲ್ಲ. ಪಟವನ್ನು ಮೊಣಕಾಲಿಗೆ ಒರಗಿಸಿಕೊಂಡು ಗಾಜಿನ ಮೇಲೆ, ಆ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು ಹೇಳಿದಳು:

“ಇದು ನಾನು ಕಣಮ್ಮ.”

ಯಾರೋ ಬುದ್ಧಿ ನೆಟ್ಟಗಿಲ್ಲದವಳು ಅಂತ ನನಗೆ ಒಂದು ಕ್ಷಣ ಭಯವಾಯಿತು. ಆಮೇಲೆ ಆ ಕೈ ನೋಡಿದೆ. ಎಡಗೈ. ಕಿರುಬೆರಳು ಒಳಗೆ ಡೊಂಕಾಗಿ ಪಕ್ಕದ ಬೆರಳಿಗೆ ಒರಗಿತ್ತು, ಥೇಟು ನಿನ್ನ ಬೆರಳಿನ ಹಾಗೆ. ನಿನಗೆ ಎಣ್ಣೆ ನೀರು ಹಾಕುವಾಗ ನಾನು ಎಷ್ಟು ಸಲ ಆ ಬೆರಳನ್ನು ನೀವಿ ನೆಟ್ಟಗೆ ಮಾಡಲು ನೋಡಿಲ್ಲ. ಮುಖ ನೋಡಿದೆ. ಮುಖದಲ್ಲಿ ನನಗೆ ಯಾರೂ ಕಾಣಲಿಲ್ಲ. ಬೆರಳು ಮಾತ್ರ ಅವ್ವನದು. ಓಬಳೇಶ, ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ನೆಟ್ಟಗೆ ಬರೆದುಬಿಡುತ್ತೇನೆ. ಇಪ್ಪತ್ತೈದು ವರ್ಷದ ಹಿಂದೆ ಕೆರೆಯಲ್ಲಿ ಮುಳುಗಿ ಸತ್ತಳು ಅಂತ ನಾವು ತಿಥಿ ಮಾಡಿದ ನಮ್ಮ ಅವ್ವ ಆಂಜಿನಮ್ಮ ಸತ್ತಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನನ್ನನ್ನು ಗಂಗಾ ಅಂದಳು.

ಅವಳು ಹೇಳಿದ್ದನ್ನೆಲ್ಲ ಒಟ್ಟುಗೂಡಿಸಿದರೆ ಇಷ್ಟು. ಅಂದು ತೋವಿನಕೆರೆಯಿಂದ ಹೊರಟವಳು ಮಧುಗಿರಿ ದಾಟಿ, ಮಿಡಿಗೇಶಿ ದಾಟಿ, ಪಾವಗಡದ ಆಚೆ ಒಂದು ಹಳ್ಳಿಯಲ್ಲಿ ನಿಂತಳು. ಕಂಬಳಿ ನೇಯುವ ಒಬ್ಬ ಒಂಟಿ ಮುದುಕಿ ಉಣ್ಣೆ ಬಿಡಿಸುವ ಕೆಲಸಕ್ಕೆ ಇಟ್ಟುಕೊಂಡಳು. ಮುದುಕಿ ಸತ್ತ ಮೇಲೆ ಗುಡಿಸಲು, ಮಗ್ಗ ಇವಳ ಪಾಲಿಗೆ ಬಂದವು. ಬೇರೆ ಗಂಡಸು ಯಾರೂ ಇಲ್ಲ. ನಾನು ಕೇಳಲಿಲ್ಲ, ಅವಳೇ ಹೇಳಿದಳು. ಮಧುಗಿರಿ ಸಂತೆಗೆ ವರ್ಷಕ್ಕೆ ಎರಡು ಮೂರು ಸಲ ಕಂಬಳಿ ತರುತ್ತಾಳೆ, ಅಲ್ಲಿಂದ ಈಚೆಗೆ ಎಂದೂ ಕಾಲಿಟ್ಟವಳಲ್ಲ. ಈ ಸಲ ಸಾಬರ ಅಂಗಡಿಯ ಮುಂದೆ ನೆರಳಿಗೆ ನಿಂತಳಂತೆ. ತಲೆಯೆತ್ತಿದರೆ ನಮ್ಮ ಕೆರೆ. ಮೂಲೆಯಲ್ಲಿ ಏನು ಬರೆದಿದೆ ಅಂತ ಕೇಳಿದ್ದಕ್ಕೆ ಸಾಬರು ‘ಓಬಳೇಶ, ತೋವಿನಕೆರೆ’ ಅಂತ ಓದಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ. ಅವರು ಚಹಾ ಕುಡಿಸಿ, ವಿಷಯ ಕೇಳಿ, ನನ್ನ ಮನೆಯ ಗುರುತು ಹೇಳಿ, ಪಟವನ್ನೂ ಅವಳ ಕೈಯಲ್ಲೇ ಕೊಟ್ಟು ಬಸ್ಸು ಹತ್ತಿಸಿದ್ದಾರೆ.

ಯಾಕೆ ಹೋದೆ ಅಂತ ಕೇಳಿದೆ. ಕೇಳದೆ ಇರಲು ಆಗುತ್ತದೆಯೇ? ಅಪ್ಪ ಹೊಡೆಯುತ್ತಿದ್ದನಾ ಅಂದೆ. ಅಪ್ಪ ಕೈ ಎತ್ತಿದವನಲ್ಲ, ನನಗೂ ಗೊತ್ತು, ಆದರೂ ಕೇಳಿದೆ. ನಿಮ್ಮಪ್ಪ ಒಳ್ಳೆಯವನೇ ಅಂದಳು. ಅಜ್ಜಿ ಬೈಯುತ್ತಿದ್ದಳಾ ಅಂದೆ. ಎಲ್ಲರ ಅತ್ತೆ ಬೈದಷ್ಟೇ ಅಂದಳು. ಹಾಗಾದರೆ ಮತ್ತೇನು ಅಂತ ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಪಟವನ್ನು ಪಕ್ಕಕ್ಕಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

“ಏಮೋ ಬಿಡ್ಡಾ, ನಂಗೇ ಗೊತ್ತಿಲ್ಲ. ಬಿಂದಿಗೆ ತುಂಬಕೆ ಬಗ್ಗಿದೆ. ಎದ್ದು ಬಿಂದಿಗೆ ಅಲ್ಲೇ ಬುಟ್ಟು ಏರಿ ಮ್ಯಾಲೆ ನಡ್ದೆ. ಒಂದ್ಸಲ ಇಂದಕ್ಕೆ ತಿರುಗಿ ನೋಡ್ದೆ. ಮಂಜು. ಊರು ಕಾಣ್ಲಿಲ್ಲ. ಕಂಡಿದ್ರೆ ಬತ್ತಿದ್ದೆನೇನೋ.”

ಹೊಡೆತಕ್ಕೆ ಹೋದೆ ಅಂದಿದ್ದರೆ ಅಳುತ್ತಿದ್ದೆ, ಯಾರದೋ ಜೊತೆ ಹೋದೆ ಅಂದಿದ್ದರೆ ಆಚೆಗೆ ನಡೆ ಅನ್ನುತ್ತಿದ್ದೆ. ಕಾರಣವೇ ಇಲ್ಲ ಅಂದವಳ ಮುಂದೆ ಸಿಟ್ಟು ಮಾಡುವುದೋ ಮರುಗುವುದೋ ತಿಳಿಯಲಿಲ್ಲ. ಎದ್ದು ಹೋಗಿ ಒಲೆ ಹಚ್ಚಿದೆ. ಮುದ್ದೆ ತಿರುವುವಾಗ ನನಗೆ ಒಂದು ಹೊಳೆಯಿತು, ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು ಅನ್ನುವುದನ್ನು ಅವಳಿಗೆ ಇನ್ನೂ ಹೇಳಿಲ್ಲ. ಸತ್ತಳು ಅಂತ ಗಂಡ ತಿಥಿ ಮಾಡಿದ ಹೆಂಡತಿ, ಗಂಡ ಸತ್ತದ್ದು ತಿಳಿಯದೆ ಕುಂಕುಮ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಾಳೆ. ಇಂಥದ್ದಕ್ಕೆ ಯಾವ ಶಾಸ್ತ್ರ, ಯಾರನ್ನು ಕೇಳುವುದು? ಊಟಕ್ಕೆ ಮುಂಚೆಯೇ ಹೇಳಿಬಿಟ್ಟೆ. ಅಳಲಿಲ್ಲ. ಕೊನೆಕೊನೆಗೆ ಊಟ ಮಾಡುತ್ತಿದ್ದನಾ ಅಂತ ಕೇಳಿದಳು. ಮಾಡುತ್ತಿದ್ದ ಅಂದೆ. ತಲೆಯಾಡಿಸಿದಳು. ಮಾರನೇ ದಿನ ಬೆಳಿಗ್ಗೆ ಮುಖ ತೊಳೆದು ಬಂದಾಗ ಹಣೆ ಬರಿದಾಗಿತ್ತು, ಬಳೆ ಮಾತ್ರ ಹಾಗೇ ಇದ್ದವು. ಕಮಲಾಕ್ಷಮ್ಮನವರು ಯಾರು ನೆಂಟರು ಅಂತ ಕೇಳಿದರು. ನಮ್ಮ ಅವ್ವನ ಕಡೆಯವರು ಅಂದೆ. ಸುಳ್ಳೂ ಅಲ್ಲ ನಿಜವೂ ಅಲ್ಲ.

ಅವಳು ಮತ್ತೆ ಮತ್ತೆ ಕೇಳಿದ್ದು ಒಂದೇ. ಅವನು ಎಲ್ಲಿ ನಿಂತಿದ್ದ? ಪಟವನ್ನು ಎದುರಿಗಿಟ್ಟುಕೊಂಡು, ಹೊಂಗೆ ಮರ ಇಲ್ಲಿ, ತೂಬು ಇಲ್ಲಿ, ಹಾಗಾದರೆ ಅವನು ಇಲ್ಲೇ ಇರಬೇಕು ಅಂತ ಪಟದ ಹೊರಗೆ ನೆಲದ ಮೇಲೆ ಬೆರಳಿಟ್ಟು ಲೆಕ್ಕ ಹಾಕುತ್ತಿದ್ದಳು. ನೀನು ನಿದ್ದೆಗಣ್ಣಲ್ಲಿ ಅವಳ ಹಿಂದೆಯೇ ಬಂದು ಮರದ ಕೆಳಗೆ ನಿಂತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ಹತ್ತಿರ ಇದ್ದನಾ ಅಂತ ಅಂದು ಪಟವನ್ನು ಬೋರಲು ಹಾಕಿದಳು.

ಈಗ ನಾನು ನಿನಗೆ ಹೇಳಬೇಕಾದದ್ದು ಒಂದಿದೆ. ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ನೆನಪಿಲ್ಲದಿದ್ದರೂ ಹೇಳುತ್ತೇನೆ. ಅಂದು ಬೆಳಿಗ್ಗೆ ನೀನು ಮನೆಗೆ ಬಂದು ಅವ್ವ ಅತ್ತಗೆ ಹೋದಳು ಅಂದೆ. ನಾನು ಓಡಿ ಹೋಗಿ ನೋಡಿದರೆ ತೂಬಿನ ಮೆಟ್ಟಿಲ ಮೇಲೆ ಬಿಂದಿಗೆ ಮಾತ್ರ ಇತ್ತು. ಕೂಗಿಕೊಂಡೆ. ಊರೆಲ್ಲ ಸೇರಿತು. ಮೂರು ದಿನ ಈಜುಗಾರರು ಕೆರೆ ಜಾಲಾಡಿದರು. ಎರಡನೇ ದಿನ ಏರಿಯ ಮೇಲೆ ಜನ ಸೇರಿದ್ದಾಗ ನೀನು ಎಲ್ಲರ ಮುಂದೆ, ಅವ್ವ ನೀರಿಗಲ್ಲ, ಅಲ್ಲಿಗೆ ಹೋದಳು ಅಂತ ಕೈ ತೋರಿಸಿದೆ. ನಾನು ನಿನ್ನ ಕೆನ್ನೆಗೆ ಹೊಡೆದೆ. ಬಾಯಿ ಮುಚ್ಚು ಅಂದೆ. ಅವತ್ತಿನಿಂದ ನೀನು ಆ ಮಾತು ಎತ್ತಲಿಲ್ಲ, ಎಷ್ಟೋ ದಿನ ಯಾವ ಮಾತೂ ಆಡಲಿಲ್ಲ. ಮಗು ಏನೋ ಹೇಳುತ್ತೆ ಅಂತ ಜನ ಅಂದರು. ಆದರೆ ಓಬಳೇಶ, ನಾನು ನಿನ್ನನ್ನು ನಂಬಿದ್ದೆ. ನಂಬಿದ್ದಕ್ಕೇ ಹೊಡೆದೆ. ನನಗೆ ಆಗ ಹನ್ನೊಂದು ವರ್ಷ, ಹೆಂಗಸರು ಗುಸುಗುಸು ಮಾತಾಡುವುದು ಕಿವಿಗೆ ಬಿದ್ದಿತ್ತು. ನೀರಿಗೆ ಬಿದ್ದ ತಾಯಿಯ ಮಕ್ಕಳನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ, ನಡೆದು ಹೋದ ತಾಯಿಯ ಮಕ್ಕಳನ್ನು ಕಂಡರೆ ನಗುತ್ತಾರೆ ಅನ್ನುವಷ್ಟು ತಿಳಿದಿತ್ತು. ಅಂದೇ ಯಾರಾದರೂ ಮಧುಗಿರಿ ದಾರಿ ಹಿಡಿದು ಓಡಿದ್ದರೆ ಸಿಕ್ಕುತ್ತಿದ್ದಳು. ಹುಡುಕಲು ಬಿಡದೆ ಇದ್ದವಳು ನಾನು. ನೀನು ನಿಜ ಹೇಳಿದ್ದೆ. ಇಷ್ಟು ವರ್ಷದಲ್ಲಿ ಇದನ್ನು ನಿನ್ನ ಭಾವನವರಿಗೂ ಹೇಳಿರಲಿಲ್ಲ.

ಅವ್ವನಿಗೆ ಹೇಳಿದೆ, ಶನಿವಾರ ಸಂಜೆ. ಅವಳು ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಮಾಡಿಕೊಂಡಿದ್ದರೆ ನನಗೂ ನಾಲ್ಕು ಮಾತು ಆಡಲು ದಾರಿಯಾಗುತ್ತಿತ್ತು. ಅವಳು ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಕೂತೆ. ಮೂವತ್ತಾರು ವರ್ಷದ ಹೆಂಗಸು, ಅವಳ ಮೈಯಿಂದ ಉಣ್ಣೆಯ ವಾಸನೆ ಬರುತ್ತಿತ್ತು, ಅಪರಿಚಿತರ ಪಕ್ಕ ಕೂತ ಹಾಗೂ ಇತ್ತು, ಏಳಲು ಮನಸ್ಸೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಅನ್ನಿಸಬೇಕೋ ಅದು ಅನ್ನಿಸಿತೋ ಇಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ. ನಿನಗೆ ಬಣ್ಣ ಇದೆ, ತಿಳಿಯದ್ದನ್ನು ಮಂಜು ಮಾಡಿ ಬಿಡುತ್ತೀಯ. ನಾನು ಅಕ್ಷರದಲ್ಲಿ ಹೇಗೆ ಮಾಡಲಿ?

ಸೋಮವಾರ ಬೆಳಿಗ್ಗೆ ಅವ್ವ ಹೊರಟುಹೋದಳು. ಮಗ್ಗದ ಮೇಲೆ ಅರ್ಧ ಕಂಬಳಿ ಇದೆ ಅಂದಳು. ಹಳ್ಳಿಯ ಹೆಸರು ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನಿನಗೆ ಆಶೀರ್ವಾದ ಹೇಳು ಅಂದಿದ್ದಾಳೆ. ನೀನು ಇದಕ್ಕಾಗಿ ರಜ ಕೇಳಿಕೊಂಡು ಓಡಿ ಬರಬೇಕಾಗಿಲ್ಲ. ಅಷ್ಟು ದೂರದಿಂದ ಬಂದು ಮಾಡುವುದೇನು, ಹೊಸ ಪಟಗಳ ಕೆಲಸ ಕೈಯಲ್ಲಿದೆ ಅಂತ ಬರೆದಿದ್ದೆಯಲ್ಲ, ಅದನ್ನು ಮುಗಿಸು. ಯುಗಾದಿ ಕಳೆದ ಮೇಲೆ ನಿಧಾನವಾಗಿ ಯೋಚನೆ ಮಾಡೋಣ. ಮೈ ಕಡೆ ನಿಗಾ ಇರಲಿ. ನಿನ್ನ ಭಾವ ನಿನ್ನನ್ನು ಬಹಳ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಕಮಲಾಕ್ಷಮ್ಮನವರು ಇನ್ನೂ ಈಶ್ವರನನ್ನು ಕಾಯುತ್ತಿದ್ದಾರೆ. ದೇವರು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ, ಒಳ್ಳೆಯದಾಗಲಿ.

ನಿನ್ನ ಅಕ್ಕ,
ಗಂಗರತ್ನಮ್ಮ

ಮತ್ತೆ ಬರೆಯುವುದು ಏನೆಂದರೆ, ಇಂಗ್ಲಿಷಿನಲ್ಲಿ ವಿಳಾಸ ಬರೆಸಿಕೊಂಡು ಬರಲು ನಿನ್ನ ಭಾವ ಕಾಗದ ತೆಗೆದುಕೊಂಡರು, ತೆಗೆದುಕೊಂಡವರು ಪೂರ್ತಿ ಓದಿದರು. ಕಾಗದವನ್ನೂ ಪೆನ್ನನ್ನೂ ನನ್ನ ಮುಂದಿಟ್ಟು ಜಗಲಿಯ ಮೇಲೆ ಹೋಗಿ ಕೂತಿದ್ದಾರೆ, ಕಚೇರಿಗೆ ಹೊತ್ತಾಗುತ್ತಿದ್ದರೂ ಏಳುತ್ತಿಲ್ಲ. ಅವ್ವ ಸೋಮವಾರ ಹೋಗಲಿಲ್ಲ ಓಬಳೇಶ. ನಾನು ಸುಳ್ಳು ಬರೆದೆ. ಈಗಲೂ ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದಾಳೆ. ಯಾಕೆ ಬರೆದೆ ಅಂದರೆ, ನಿನಗೆ ಅನ್ನ ಕಲೆಸಿ ಹಾಕಿದವಳು ನಾನು, ಜ್ವರ ಬಂದಾಗ ಹೊದಿಸಿದವಳು ನಾನು, ನೀನು ಬಂದು ಅವಳನ್ನು ಅವ್ವ ಅಂದುಬಿಟ್ಟರೆ ನಾನು ಬರೀ ಅಕ್ಕ ಆಗುತ್ತೇನಲ್ಲ ಅಂತ. ಬೇರೆ ಕಾರಣ ಇಲ್ಲ. ಅವಳು ಶಿವರಾತ್ರಿವರೆಗೆ ಇರುತ್ತೇನೆ ಅಂದಿದ್ದಾಳೆ, ಆಮೇಲೆ ನಿಲ್ಲುವವಳಲ್ಲ. ಶಿವರಾತ್ರಿಗೆ ಇನ್ನು ಹನ್ನೊಂದೇ ದಿನ. ಕಾಗದ ಸೇರಿದ ದಿನವೇ ರೈಲು ಹತ್ತು. ತುಮಕೂರಿನಲ್ಲಿ ಇಳಿದರೆ ಇಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು ಬಸ್ಸು. ಯಾವುದಕ್ಕಾದರೂ ಬಾ, ಇಬ್ಬರೂ ಬಂದು ನಿಂತಿರುತ್ತೇವೆ.